ಮೊದಲು ಸೀಟು, ಅನಂತರ ಮೂಟೆ

ಸದಸ್ಯ ಬಾಂಧವರಲ್ಲಿ ಈಗ ಬಹುಮಂದಿಯ ಮನೆಯಂಗಳದಲ್ಲಿ ಒಂದು ಕಾರೋ ಜೀಪೋ ನಿಂತಿರುತ್ತದೆ. ಪೇಟೆಗೆ ಹೊರಟ ಕಾರು ಬರಿದೆ ಹೋಗುವುದು ನಮ್ಮಲ್ಲಿ ಅಪರೂಪ. ಹೋಗುವಾಗ ಎರಡು ಗೋಣಿ ಚಾಲಿ ಅಡಿಕೆಯೋ ಮೂರು ಮೂಟೆ ಕಾಫಿ ಚೆರಿಯೋ ಇರುತ್ತದೆ. ಬರುವಾಗ ಗೊಬ್ಬರ, ಮೈಲುತುತ್ತು, ಸುಣ್ಣ, ಮನೆ ಸಾಮಾನು. ಇವುಗಳೊಂದಿಗೆ ಡಾಕ್ಟರಿಗೆ ತೋರಿಸಬೇಕಾದ ಹಿರಿಯರೂ ಶಾಲೆಗೆ ಬಿಡಬೇಕಾದ ಮಕ್ಕಳೂ ಇರುತ್ತಾರೆ. ಪಿಕಪ್ಪಿನ ಬಾಡಿಗೆ ಉಳಿಯಿತೆಂಬ ಸಮಾಧಾನದಲ್ಲಿ, ಮೂಟೆ ಎಲ್ಲಿ ಕುಳಿತಿದೆ, ಓಡಿಸುವವರು ಹೇಗೆ ಕುಳಿತಿದ್ದಾರೆ ಎಂಬುದನ್ನು ನಾವು ನೋಡುವುದು ಕಡಿಮೆ.

ಈ ಮಾತನ್ನು ಬೇರೆಯವರ ಮೇಲೆ ಹೊರಿಸುವುದಕ್ಕಿಂತ ನಮ್ಮದೇ ಅನುಭವವನ್ನು ಹೇಳುವುದು ಮೇಲು. ಕೆಲವು ವರ್ಷಗಳ ಹಿಂದೆ ನಾವು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಕಾರಿನಲ್ಲಿ ಮೂರು ಗೋಣಿ ಅಡಿಕೆ. ಡಿಕ್ಕಿಯಲ್ಲಿ ಮನೆ ಸಾಮಾನು ತುಂಬಿದ್ದರಿಂದ ಎರಡು ಗೋಣಿಗಳನ್ನು ಹಿಂದಿನ ಸೀಟಿನ ಮೇಲೆ ನಿಲ್ಲಿಸಿದ್ದೆವು. ಮೂರನೆಯದು ಚಾಲಕನ ಸೀಟಿನ ಹಿಂದೆ ಕಾಲಿಡುವ ಜಾಗದಲ್ಲಿ ಹಿಡಿಯಲಿಲ್ಲವೆಂದು ನಮ್ಮ ಸೀಟನ್ನೇ ಎರಡು ಹಲ್ಲು ಮುಂದಕ್ಕೆ ಎಳೆದು ಅದಕ್ಕೆ ಎಡೆ ಮಾಡಿದೆವು. ಮುಂದಿನ ಸೀಟಿನಲ್ಲಿ ನಮ್ಮ ತಾಯಿಯವರು ಕುಳಿತಿದ್ದರು. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಬ್ರೇಕಿಗೆ ಕಾಲು ಎತ್ತಹೋದರೆ ಮೊಣಕಾಲು ಸ್ಟಿಯರಿಂಗಿನ ಅಡಿಗೆ ತಾಗಿತು. ಕಾಲು ಬ್ರೇಕಿಗೆ ಸೇರುವಷ್ಟರಲ್ಲಿ ಒಂದು ಕ್ಷಣ ತಡವಾಯಿತು. ಬ್ರೇಕು ಬಿದ್ದೊಡನೆ ಹಿಂದಿನ ಗೋಣಿ ಎರಡು ಸೀಟುಗಳ ನಡುವೆ ನುಗ್ಗಿ ತಾಯಿಯವರ ಭುಜಕ್ಕೆ ಬಡಿದು ಗೇರಿನ ಮೇಲೆ ಕುಳಿತಿತು. ಕಾರು ತಡೆಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ತಾಯಿಯವರ ಭುಜದ ನೋವು ತಿಂಗಳುಗಟ್ಟಲೆ ಇತ್ತು. ಅಂದು ಅವರು ಹೇಳಿದ್ದು ಇಷ್ಟೆ: "ಮೂಟೆಗೆ ಜಾಗ ಮಾಡಿದೆ, ನಿನಗೇ ಜಾಗ ಇಟ್ಟುಕೊಳ್ಳಲಿಲ್ಲ."

ಈ ಲೇಖನದ ತಿರುಳೂ ಅಷ್ಟೇ. ಓಡಿಸುವವರ ಸೀಟನ್ನು ಮೊದಲು ಸರಿಮಾಡಿಕೊಳ್ಳಬೇಕು. ಜೊತೆಯವರ ಸೀಟು ಅನಂತರ. ಉಳಿದ ಜಾಗದಲ್ಲಿ ಹಿಡಿಯುವಷ್ಟೇ ಸರಕು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು.

ಮೂಟೆಗೆ ಬ್ರೇಕಿಲ್ಲ

ನಾವು ಬ್ರೇಕು ಒತ್ತಿದಾಗ ನಿಲ್ಲುವುದು ಕಾರಿನ ಚಕ್ರ. ಕಾರಿನೊಳಗೆ ಕಟ್ಟದೆ ಇಟ್ಟ ಮೂಟೆಗೆ ಅದರ ಅರಿವಿಲ್ಲ. ಅದು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಏನಾದರೂ ಅಡ್ಡ ಸಿಗುವ ತನಕ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕು ಹಾಕಿದರೆ ಸರಕು ತನ್ನ ತೂಕದ ಸುಮಾರು ಮುಕ್ಕಾಲು ಪಾಲು ಬಲದಿಂದ ಮುಂದಕ್ಕೆ ತಳ್ಳುತ್ತದೆ. 65 ಕಿಲೋ ಅಡಿಕೆ ಗೋಣಿಯಾದರೆ ಇದು 50 ಕಿಲೋದ ಹತ್ತಿರ ಬಂತು.

ಕಾರು ಮರಕ್ಕೋ ಗೋಡೆಗೋ ಬಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದ ಕಾರು ಮೂತಿ ನಜ್ಜುಗುಜ್ಜಾಗಿ ಅರ್ಧ ಮೀಟರಿನೊಳಗೆ ನಿಂತಿತೆನ್ನೋಣ. ಆಗ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ 12 ಪಟ್ಟಿಗೂ ಹೆಚ್ಚಿನ ಬಲದಿಂದ ಮುಂದಕ್ಕೆ ಒತ್ತುತ್ತದೆ. 65 ಕಿಲೋದ ಗೋಣಿ 800 ಕಿಲೋದಂತೆ, ಸೀಟಿನ ಮೇಲೆ ಎಸೆದಿಟ್ಟ 2 ಕಿಲೋದ ಕತ್ತಿ 25 ಕಿಲೋದಂತೆ. ಮಡಿಲಿನಲ್ಲಿ ಕೂರಿಸಿಕೊಂಡ 10 ಕಿಲೋದ ಮಗು 125 ಕಿಲೋದಂತೆ. ಅದನ್ನು ಹಿಡಿದುಕೊಳ್ಳುವ ತೋಳು ಯಾವ ತಾಯಿಗೂ ಇಲ್ಲ.

ಅಂಕಿ ಬೇಡವೆನ್ನುವವರಿಗೆ ತೋಟದ ಅಳತೆಯಲ್ಲೇ ಹೇಳಬಹುದು. 40 ಕಿಲೋಮೀಟರ್ ವೇಗದಲ್ಲಿ ಬಡಿಯುವುದೂ 20 ಅಡಿ ಎತ್ತರದಿಂದ ಕೆಳಕ್ಕೆ ಬೀಳುವುದೂ ಒಂದೇ. 60 ಕಿಲೋಮೀಟರ್ ಆದರೆ 46 ಅಡಿ, ಅಂದರೆ ಬೆಳೆದ ಅಡಿಕೆ ಮರದ ತುದಿಯಿಂದ ಬಿದ್ದಂತೆ. ಅಡಿಕೆ ತುಂಬಿದ ಗೋಣಿಯನ್ನು ಮರದ ತುದಿಗೆ ಕಟ್ಟಿ, ಅದರ ಬುಡದಲ್ಲಿ ಮನೆಯವರನ್ನು ಕೂರಿಸಲು ನಮ್ಮಲ್ಲಿ ಯಾರೂ ಒಪ್ಪಲಾರರು. ಕಾರಿನಲ್ಲಿ ಹಿಂದೆ ಮೂಟೆ, ಮುಂದೆ ಮನೆಯವರು ಎಂದು ಹೊರಡುವಾಗ ನಾವು ಮಾಡುತ್ತಿರುವುದು ಅದನ್ನೇ.

ಸೀಟು ಸರಿಪಡಿಸುವ ಕ್ರಮ

ಕಾರು ಸಮನೆಲದಲ್ಲಿ ನಿಂತಿರುವಾಗ, ಸರಕು ಏರಿಸುವ ಮೊದಲೇ ಈ ಕೆಲಸ ಆಗಬೇಕು. ಬೆನ್ನೂ ಸೊಂಟವೂ ಸೀಟಿನ ಒರಗಿಗೆ ಪೂರ್ತಿ ತಾಗುವಂತೆ ಕುಳಿತುಕೊಳ್ಳಿ. ಕ್ಲಚ್ಚನ್ನು ತಳ ಮುಟ್ಟುವ ತನಕ ಒತ್ತಿರಿ. ಆಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಕಾಲು ನೆಟ್ಟಗಾದರೆ ಸೀಟು ದೂರವಾಯಿತು. ಮೊಣಕಾಲು ಸ್ಟಿಯರಿಂಗಿಗೆ ತಾಗಿದರೆ ಹತ್ತಿರವಾಯಿತು. ಯಾವ ಪಾದರಕ್ಷೆಯಲ್ಲಿ ಓಡಿಸುವಿರೋ ಅದನ್ನೇ ಹಾಕಿ ಅಳತೆ ನೋಡಬೇಕು. ತೋಟದ ಗಂಬೂಟಿನಲ್ಲಿ ಓಡಿಸುವುದು ಒಳ್ಳೆಯದಲ್ಲ. ಕೆಸರು ಹಿಡಿದ ದಪ್ಪ ತಳಕ್ಕೆ ಪೆಡಲಿನ ಸುಳಿವು ಸಿಗುವುದಿಲ್ಲ.

ಅನಂತರ ಒರಗು. ಭುಜ ಒರಗಿಗೆ ತಾಗಿರುವಂತೆಯೇ ಕೈಯನ್ನು ಮುಂದೆ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಆರಾಮಕುರ್ಚಿಯಂತೆ ಹಿಂದಕ್ಕೆ ಬಾಗಿಸಿಕೊಂಡರೆ ತಿರುವಿನಲ್ಲಿ ಕೈಗೆ ಬಲ ಸಾಲದು, ಬೆಲ್ಟೂ ಮೈಯನ್ನು ಹಿಡಿಯದು. ತೀರ ಹತ್ತಿರವೂ ಸಲ್ಲದು. ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಎದೆಗೂ ಸ್ಟಿಯರಿಂಗಿನ ನಡುವಿಗೂ ಕಡಿಮೆಯೆಂದರೆ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರ ಇರಬೇಕು. ಅದು ಕಣ್ಣು ಮಿಟುಕಿಸುವುದರೊಳಗೆ ಉಬ್ಬುವುದರಿಂದ ಹತ್ತಿರ ಕುಳಿತವರಿಗೆ ಅದರಿಂದಲೇ ಪೆಟ್ಟಾಗುತ್ತದೆ.

ತಲೆ ಹಿಂದಿನ ದಿಂಬು, ನಾವು ಹೆಡ್‌ರೆಸ್ಟ್ ಎನ್ನುವುದು, ಒರಗಿ ನಿದ್ದೆ ಮಾಡಲು ಇಟ್ಟದ್ದಲ್ಲ. ಹಿಂದಿನಿಂದ ವಾಹನ ಬಡಿದಾಗ ಕುತ್ತಿಗೆ ಹಿಂದಕ್ಕೆ ಮುರಿಯದಂತೆ ತಡೆಯಲು ಇಟ್ಟದ್ದು. ಅದರ ಮೇಲಂಚು ತಲೆಯ ನೆತ್ತಿಯ ಮಟ್ಟಕ್ಕೆ ಬರಬೇಕು. ಅಷ್ಟು ಏರದಿದ್ದರೆ ಕಿವಿಯ ಮೇಲ್ಭಾಗಕ್ಕಾದರೂ ಬರಬೇಕು. ಮೂಟೆ ಒಳಗೆ ತೂರಿಸಲು ಹಿಂದಿನ ಸೀಟಿನ ದಿಂಬುಗಳನ್ನು ಕಿತ್ತು ಅಟ್ಟಕ್ಕೆ ಹಾಕಿದವರು ಅವನ್ನು ಇಳಿಸಿ ತಂದು ಸಿಕ್ಕಿಸಿಕೊಳ್ಳಬೇಕು.

ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಹಾಯಬೇಕು, ಹೊಟ್ಟೆಯ ಮೇಲಲ್ಲ. ಮೇಲಿನ ಪಟ್ಟಿ ಭುಜದ ನಡುವೆ ಹಾಯಬೇಕು, ಕುತ್ತಿಗೆಗೆ ಉಜ್ಜಬಾರದು. ಬಸುರಿ ಹೆಂಗಸರಿಗೆ ಕೆಳಪಟ್ಟಿ ಹೊಟ್ಟೆಯ ಕೆಳಗೆ ಬರಬೇಕು. ಕಡೆಯದಾಗಿ ಮೂರೂ ಕನ್ನಡಿಗಳು. ಸೀಟು ಕದಲಿಸಿದ ಮೇಲೆ ಹಳೆಯ ಕನ್ನಡಿ ಹಳೆಯ ದಾರಿಯನ್ನು ತೋರಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಸೀಟು ಸರಿಸಿದ ಮೇಲೆ ಹಿಡಿಕೆ ಬಿಟ್ಟು, ಮೈಯನ್ನು ಹಿಂದೆ ಮುಂದೆ ಅಲುಗಿಸಿ, ಹಲ್ಲು 'ಟಕ್' ಎಂದು ಕೂತಿತೇ ಎಂದು ನೋಡಲೇಬೇಕು. ಹಳಿಯಲ್ಲಿ ಮಣ್ಣು, ಕಾಫಿಬೀಜ, ಅಡಿಕೆಯ ಚೂರು ಸಿಕ್ಕಿದರೆ ಹಲ್ಲು ಅರ್ಧ ಮಾತ್ರ ಕೂರುತ್ತದೆ. ಏರಿನಲ್ಲಿ ಅಂಥ ಸೀಟು ಒಮ್ಮೆಲೇ ಹಿಂದಕ್ಕೆ ಜಾರಿದರೆ ಕಾಲಿಗೆ ಕ್ಲಚ್ಚೂ ಇಲ್ಲ, ಬ್ರೇಕೂ ಇಲ್ಲ. ಓಡುತ್ತಿರುವ ಕಾರಿನಲ್ಲಿ ಸೀಟಿನ ಹಿಡಿಕೆಗೆ ಕೈ ಹಾಕಲೇಬಾರದು.

ಸರಕು ಇಡುವ ಕ್ರಮ

ಮೊದಲು ತೂಕದ ಲೆಕ್ಕ. ಕಾರಿನೊಡನೆ ಬಂದ ಕೈಪಿಡಿಯಲ್ಲಿ ಖಾಲಿ ತೂಕ, ಭರ್ತಿ ತೂಕ ಎಂದು ಎರಡು ಅಂಕಿಗಳಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಜನ, ಸರಕು ಎರಡೂ ಸೇರಿದ ಮಿತಿ. ಸಣ್ಣ ಕಾರುಗಳಲ್ಲಿ ಇದು ಅನೇಕ ವೇಳೆ 400 ಕಿಲೋದ ಆಸುಪಾಸಿನಲ್ಲಿರುತ್ತದೆ. ನಾಲ್ವರು ದೊಡ್ಡವರು ಕುಳಿತರೆ ಅದರಲ್ಲಿ 250 ಕಿಲೋ ಮುಗಿಯಿತು. ಉಳಿದದ್ದು 50 ಕಿಲೋದ ಮೂರು ಕಾಫಿ ಮೂಟೆಗೆ ಸರಿ. ಅಡಿಕೆ ಗೋಣಿಯಾದರೆ ಎರಡೇ. ಅಷ್ಟೂ ತೂಕವನ್ನು ಡಿಕ್ಕಿಯ ಕಡೆಯ ಅಂಚಿಗೆ ಹೇರಲೂ ಬಾರದು. ಹಿಂದಿನ ಚಕ್ರದಿಂದಾಚೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರವಾಗಿ ಸ್ಟಿಯರಿಂಗ್ ತೇಲಾಡುತ್ತದೆ, ಹೆಡ್‌ಲೈಟು ಮೇಲಕ್ಕೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಬೆಳಕನ್ನು ತಗ್ಗಿಸುವ ತಿರುಗಣೆ ಇರುವ ಕಾರುಗಳಲ್ಲಿ ಅದನ್ನು ಬಳಸಬೇಕು.

ಭಾರವಾದದ್ದು ತಳದಲ್ಲಿ, ಡಿಕ್ಕಿಯೊಳಗೆ ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡು ಇರಬೇಕು. ಗೋಣಿಯನ್ನು ನಿಲ್ಲಿಸಬೇಡಿ, ಅಡ್ಡಲಾಗಿ ಮಲಗಿಸಿ. ಮೂಟೆಗೂ ಸೀಟಿಗೂ ನಡುವೆ ಎಡೆ ಬಿಟ್ಟರೆ ಅದು ಅಷ್ಟು ದೂರ ಓಡಿಬಂದು ಗುದ್ದುತ್ತದೆ. ತಾಗಿಕೊಂಡೇ ಇದ್ದರೆ ಬರಿದೆ ಒತ್ತುತ್ತದೆ. ಸೆಣಬಿನ ಗೋಣಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಗೊಬ್ಬರದ ಪ್ಲಾಸ್ಟಿಕ್ ಚೀಲ ಜಾರುತ್ತದೆ. ಅದರ ಅಡಿಗೆ ಒಂದು ಬರಿಗೋಣಿ ಅಥವಾ ರಬ್ಬರ್ ಹಾಸು ಹಾಕುವುದು ಒಳ್ಳೆಯದು. ಸರಕು ಸೀಟಿನ ಒರಗಿಗಿಂತ ಎತ್ತರಕ್ಕೆ ಹೋಗಬಾರದು.

ಹಿಂದಿನ ಸೀಟನ್ನು ಮಡಚದೆ ಸಾಗುವುದಾದರೆ ಮಡಚದಿರುವುದೇ ಲೇಸು. ಅದೊಂದೇ ನಮಗೂ ಮೂಟೆಗೂ ನಡುವಣ ಗೋಡೆ. ಆ ಸೀಟಿನಲ್ಲಿ ಜನರಿಲ್ಲದಿದ್ದರೆ ಅಲ್ಲಿನ ಬೆಲ್ಟುಗಳನ್ನು ಬರಿಸೀಟಿಗೇ ಸಿಕ್ಕಿಸಿಬಿಡಿ. ಒರಗಿಗೆ ಅಷ್ಟು ಬಲ ಹೆಚ್ಚುತ್ತದೆ. ಮಡಚಲೇಬೇಕಾದರೆ ಸರಕನ್ನು ಮುಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಟ್ಟು, ನೆಲದ ಕಬ್ಬಿಣದ ಬಳೆಗಳಿಗೆ ಬಿಗಿಯಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ, ಅದರ ಗಂಟು ಜಾರುತ್ತದೆ. ಲಾರಿಯವರು ಬಳಸುವ ಬಿಗಿಪಟ್ಟಿ ಉತ್ತಮ. ಮೂಟೆಯ ಪಕ್ಕದಲ್ಲಾಗಲಿ ಮೇಲಾಗಲಿ ಮಕ್ಕಳನ್ನು ಕೂರಿಸಲೇಬಾರದು.

ಚಿಕ್ಕ ವಸ್ತುಗಳನ್ನು ಹಗುರವೆಂದು ಬಿಡುವಂತಿಲ್ಲ. ನೀರಿನ ಬಾಟಲಿ, ತೆಂಗಿನಕಾಯಿ, ಬಿಡಿ ಅಡಿಕೆ ಇಳಿಜಾರಿನಲ್ಲಿ ಉರುಳಿ ಸೀಟಿನಡಿಯಿಂದ ಬ್ರೇಕ್ ಪೆಡಲಿನ ಕೆಳಗೆ ಬಂದು ಸಿಕ್ಕಿಕೊಳ್ಳುತ್ತವೆ. ಅವನ್ನು ಚೀಲದಲ್ಲಿ ಕಟ್ಟಿ ಡಿಕ್ಕಿಗೆ ಹಾಕಿ. ಕತ್ತಿ, ಗರಗಸಗಳನ್ನು ಗೋಣಿ ಸುತ್ತಿ ಮೂಟೆಯ ಅಡಿಯಲ್ಲಿಡಿ. ಕೊಳೆರೋಗಕ್ಕೆ ತರುವ ಮೈಲುತುತ್ತು, ಸುಣ್ಣ, ಕೀಟನಾಶಕಗಳು ಮುಚ್ಚಳವಿರುವ ಬಕೆಟ್ಟಿನಲ್ಲಿ ಡಿಕ್ಕಿಯಲ್ಲಿರಲಿ; ತಿಂಡಿ ತೀರ್ಥದ ಜೊತೆ ಬೇಡ. ಕಳೆ ಕತ್ತರಿಸುವ ಯಂತ್ರದ ಪೆಟ್ರೋಲನ್ನು ಜನ ಕೂರುವ ಕಡೆ ಇಡಲೇಬಾರದು.

ದೋಟಿಯಂಥ ಉದ್ದದ ಸರಕನ್ನು ಎರಡು ಸೀಟುಗಳ ನಡುವೆ ತೂರಿಸಿ ತುದಿಯನ್ನು ಗಾಜಿಗೆ ತಾಗಿಸುವ ಅಭ್ಯಾಸ ಅನೇಕರಲ್ಲಿದೆ. ಅದರ ಜಾಗ ಮೇಲಿನ ಕ್ಯಾರಿಯರ್. ಎರಡೂ ತುದಿ ಬಿಗಿದು, ಹಿಂದಿನ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಆದರೆ ಕ್ಯಾರಿಯರಿನ ಮಿತಿಯೂ ಕೈಪಿಡಿಯಲ್ಲಿದೆ. ಮೇಲೆ ಮೂಟೆ ಹೇರಿದ ಕಾರು ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು.

ಹಿಂದೆ ಕುಳಿತವರ ಮಾತು

ಬೆಲ್ಟು ಹಾಕದೆ ಹಿಂದೆ ಕುಳಿತ ಮನುಷ್ಯನೂ ಅಪಘಾತದ ಗಳಿಗೆಯಲ್ಲಿ ಕಟ್ಟದ ಮೂಟೆಯೇ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಕಾರು ಅಪಘಾತದಲ್ಲಿ ತೀರಿಕೊಂಡಾಗ, ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಬೆಲೆಬಾಳುವ ಕಾರೂ ಅಲ್ಲಿ ನೆರವಿಗೆ ಬರಲಿಲ್ಲ. ಹಿಂದೆ ಕುಳಿತವರೂ ಬೆಲ್ಟು ಹಾಕಬೇಕೆಂಬುದು ನಿಯಮ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಲ್ಲಾಗಲಿ ಮಕ್ಕಳ ಸೀಟಿನಲ್ಲಾಗಲಿ ಭದ್ರಪಡಿಸಬೇಕೆಂದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಹೇಳುತ್ತದೆ. ಎಲ್ಲ ಸೀಟಿನ ಬೆಲ್ಟೂ ಸಿಕ್ಕಿಸಲು ಬರುವಂತೆ ಮೂಟೆ ಇಟ್ಟಿದ್ದೇವೆಯೇ ಎಂಬುದೇ ಒಳ್ಳೆಯ ಪರೀಕ್ಷೆ. ಬೆಲ್ಟಿನ ಬಕ್ಕಲು ಗೋಣಿಯಡಿ ಹೂತುಹೋಗಿದ್ದರೆ ಗೋಣಿ ಇಳಿಯಬೇಕು.

ಹೊರಡುವ ಮುನ್ನ, ದಾರಿಯಲ್ಲಿ

ಭಾರ ಹೇರಿದ ದಿನ ಟೈರಿನ ಗಾಳಿಯೂ ಹೆಚ್ಚಿರಬೇಕು. ಎಷ್ಟೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಟೈರು ತಣ್ಣಗಿರುವಾಗಲೇ ಹಿಡಿಸಬೇಕು. ಚಾರ್ಮಾಡಿ, ಸಂಪಾಜೆ, ಆಗುಂಬೆ ಯಾವುದೇ ಇರಲಿ, ಘಾಟಿ ಇಳಿಯುವಾಗ ಏರುವ ಗೇರಿನಲ್ಲೇ ಇಳಿದು ಎಂಜಿನ್ನಿಗೇ ತಡೆಯಲು ಬಿಡಬೇಕು. ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಅದು ಕಾದು, ಬೇಕಾದಾಗ ಹಿಡಿಯದೆ ಹೋಗುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಕಟ್ಟು ಸಡಿಲಾಗಿದೆಯೇ ನೋಡಿ. ಘಾಟಿಯ ತಲೆಯಲ್ಲಿ ಇನ್ನೊಮ್ಮೆ ನೋಡಿ.

ಇದಕ್ಕೆಲ್ಲ ಹಿಡಿಯುವುದು ಹತ್ತು ನಿಮಿಷ. ನಾವು ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಮನೆಯವರೆಲ್ಲ ಮೊದಲು ಕಾರಿನಲ್ಲಿ ಕುಳಿತು ಬೆಲ್ಟು ಹಾಕಿ ನೋಡುತ್ತಾರೆ, ಅನಂತರ ಇಳಿದು ಮೂಟೆ ಏರಿಸುತ್ತೇವೆ. ಹಿಡಿಯದ ಗೋಣಿ ಜಗಲಿಯಲ್ಲಿ ಉಳಿಯುತ್ತದೆ. ಮೂರನೆಯ ಗೋಣಿಗೆ ಮುಂದಿನ ವಾರವೂ ಬೆಲೆ ಇದೆ. ಅದನ್ನು ಮುಂದಿನ ವಾರ ಒಯ್ಯೋಣ.