ಹಳೇ ಯೆಜ್ಡಿಗೆ ಸಣ್ಣ ಪೆಟ್ಟಾದರೆ ಇನ್ಶೂರೆನ್ಸ್ ಕ್ಲೈಮ್ ಮಾಡುವುದು ಲಾಭವೇ?

"ಪ್ರೀಮಿಯಂ ಕಟ್ಟಿದ್ದೀರಲ್ಲ, ಸಣ್ಣ ಗೀರಾದರೂ ಕ್ಲೈಮ್ ಮಾಡಿ, ಪೂರ್ತಿ ದುಡ್ಡು ಬರುತ್ತೆ." ಹಳೇ ಬೈಕ್ ಇಟ್ಟುಕೊಂಡವರಿಗೆ ಇಂಥ ಸಲಹೆ ಕೊಡುವವರು ಬಹಳ. ಇದು ಎಷ್ಟು ನಿಜ? ಲೆಕ್ಕ ಹಾಕಿಯೇ ನೋಡೋಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನೇ ತೆಗೆದುಕೊಳ್ಳೋಣ. 1961ರಲ್ಲಿ ಜಾವಾ ತಯಾರಿಕೆ ಶುರುವಾಯಿತು, ಮುಂದೆ ಯೆಜ್ಡಿ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾದ ಪ್ರತಿ ಬೈಕಿಗೂ 10 ವರ್ಷ ದಾಟಿ ಬಹಳ ಕಾಲವಾಗಿದೆ. ಇನ್ಶೂರೆನ್ಸ್ ಲೆಕ್ಕದಲ್ಲಿ ಈ 10 ವರ್ಷ ಮುಖ್ಯ.

ಮೊದಲು ಪಾಲಿಸಿ ನೋಡಿ

ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ನಿಮ್ಮ ಬೈಕಿನ ರಿಪೇರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಅದು ಇನ್ನೊಬ್ಬರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿಯ ರಿಪೇರಿಗೆ 'ಓನ್ ಡ್ಯಾಮೇಜ್' ಸೇರಿರುವ ಪಾಲಿಸಿ ಬೇಕು.

ಪೂರ್ತಿ ದುಡ್ಡು ಏಕೆ ಬರುವುದಿಲ್ಲ?

ಹಳೇ ಭಾಗ ತೆಗೆದು ಹೊಸದು ಹಾಕಿದಾಗ ಕಂಪನಿ ಸವಕಳಿ ಕಳೆಯುತ್ತದೆ. ಗಾಡಿಗೆ 10 ವರ್ಷ ದಾಟಿದ್ದರೆ ಲೋಹದ ಭಾಗಗಳಿಗೆ ಶೇ. 50. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಗಾಡಿಯ ವಯಸ್ಸು ಎಷ್ಟೇ ಇರಲಿ ಶೇ. 50. ಗಾಜಿಗೆ ಸವಕಳಿ ಇಲ್ಲ.

ಗಾಡಿ ಜಾರಿ ಬಿದ್ದು ಹ್ಯಾಂಡಲ್, ಸೈಲೆನ್ಸರ್‌ಗೆ ಪೆಟ್ಟಾಯಿತು ಎನ್ನೋಣ. ಲೋಹದ ಭಾಗ 4,000, ರಬ್ಬರ್-ಪ್ಲಾಸ್ಟಿಕ್ 600, ಕೂಲಿ 1,000. ಒಟ್ಟು 5,600 ರೂಪಾಯಿ. ಸವಕಳಿ ಹೋಗಿ 3,300. ಪ್ರತಿ ಕ್ಲೈಮ್‌ನಲ್ಲೂ ನಾವೇ ಭರಿಸಬೇಕಾದ 100 ಕಳೆದರೆ ಕೈಗೆ ಬರುವುದು 3,200.

ಕಾಣದ ನಷ್ಟ: ಬೋನಸ್

ಕ್ಲೈಮ್ ಮಾಡದ ವರ್ಷಗಳಿಗೆ 'ನೋ ಕ್ಲೈಮ್ ಬೋನಸ್' ಸಿಗುತ್ತದೆ. ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಮೊದಲು ಶೇ. 20 ರಿಯಾಯಿತಿ, ನಂತರ ವರ್ಷದಿಂದ ವರ್ಷಕ್ಕೆ 25, 35, 45, ಕೊನೆಗೆ 50. ಒಂದೇ ಒಂದು ಕ್ಲೈಮ್ ಮಾಡಿದರೂ ಸಾಮಾನ್ಯ ನಿಯಮದಂತೆ ಇದು ಸೊನ್ನೆಗೆ ಇಳಿಯುತ್ತದೆ.

ರಿಯಾಯಿತಿಗೆ ಮುಂಚಿನ ಪ್ರೀಮಿಯಂ 3,000 ಇದ್ದು, ನೀವು ಶೇ. 50ರ ಮೆಟ್ಟಿಲಲ್ಲಿದ್ದರೆ, ಮತ್ತೆ ಅಲ್ಲಿಗೆ ಏರುವ ತನಕ ಕಳೆದುಕೊಳ್ಳುವುದು 1,500 + 900 + 750 + 450 + 150, ಅಂದರೆ 3,750 ರೂಪಾಯಿ. ಬಂದದ್ದು 3,200, ಹೋದದ್ದು 3,750! ಈ ಪೆಟ್ಟಿಗೆ ಕೈಯಿಂದ ರಿಪೇರಿ ಮಾಡಿಸುವುದೇ ವಾಸಿ.

ಹಾಗಾದರೆ ಕ್ಲೈಮ್ ಯಾವಾಗ?

ಬಿಲ್ ದೊಡ್ಡದಿದ್ದಾಗ, ಅಥವಾ ನಿಮ್ಮ ಬೋನಸ್ ಇನ್ನೂ ಕಡಿಮೆ ಇದ್ದಾಗ. ಕ್ಲೈಮ್ ಮಾಡುವುದಾದರೆ ತಡಮಾಡದೆ ಕಂಪನಿಗೆ ತಿಳಿಸಿ, ಫೋಟೊ ತೆಗೆದಿಡಿ, ಅವರು ನೋಡುವ ಮುನ್ನ ರಿಪೇರಿ ಮಾಡಿಸಬೇಡಿ. ಯಾರಿಗಾದರೂ ಗಾಯವಾಗಿದ್ದರೆ ಈ ಲೆಕ್ಕಾಚಾರವೇ ಬೇಡ. ಪೊಲೀಸರಿಗೂ ಕಂಪನಿಗೂ ಕೂಡಲೇ ತಿಳಿಸಲೇಬೇಕು.

ಇನ್ನೊಂದು ಮಾತು. 5 ವರ್ಷ ದಾಟಿದ ಗಾಡಿಗಳ ಮತ್ತು ತಯಾರಿಕೆ ನಿಂತ ಮಾದರಿಗಳ ವಿಮಾ ಮೌಲ್ಯ, ಅಂದರೆ ಐಡಿವಿ, ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಂಡ ಮೊತ್ತ. ಪ್ರೀಮಿಯಂ ಉಳಿಸಲು ಅದನ್ನು 20,000ಕ್ಕೆ ಇಳಿಸಿದರೆ, ರಿಪೇರಿ ಖರ್ಚು ಅದರ ಶೇ. 75, ಅಂದರೆ 15,000 ದಾಟಿದ ಕೂಡಲೇ ಗಾಡಿ 'ಟೋಟಲ್ ಲಾಸ್' ಲೆಕ್ಕಕ್ಕೆ ಸೇರಬಹುದು. ಕಳುವಾದರೂ ಸಿಗುವುದು ಹೆಚ್ಚೆಂದರೆ ಆ ಮೊತ್ತವೇ. ಪಾಲಿಸಿ ನವೀಕರಿಸುವಾಗಲೇ ಗಾಡಿಯ ಫೋಟೊ, ರಿಪೇರಿ ಬಿಲ್ ತೋರಿಸಿ ಸರಿಯಾದ ಮೌಲ್ಯ ಬರೆಸಿ.

ಮನೆಯಲ್ಲಿ ಹಳೇ ಬೈಕ್ ಇರುವವರಿಗೆ ಇದನ್ನು ಕಳಿಸಿ. ಕ್ಲೈಮ್ ಫಾರಂ ತುಂಬುವ ಮುನ್ನ ಈ ಎರಡು ಲೆಕ್ಕ ಹಾಕಿಕೊಳ್ಳಲಿ.