ಅಟ್ಟದಿಂದ ಇಳಿದ ಪಂಜರ

ಬೇಸಗೆ ರಜೆ ಬಂತೆಂದರೆ ಕೆಲವು ಮನೆಗಳಲ್ಲಿ ಅಟ್ಟದ ಮೇಲಿನ ಹಳೆಯ ಪಂಜರ ಕೆಳಗಿಳಿಯುತ್ತದೆ. ಮಕ್ಕಳಿಗೆ ಒಂದು ಜೊತೆ 'ಲವ್ ಬರ್ಡ್ಸ್' ಬೇಕು. (ಇಲ್ಲಿನ ಪೇಟೆಗಳಲ್ಲಿ ಈ ಹೆಸರಿನಿಂದ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯ ಮೂಲದ ಬಜರಿಗಾರ್. ನಿಜವಾದ ಲವ್ ಬರ್ಡ್ ಆಫ್ರಿಕದ ಬೇರೆಯೇ ಹಕ್ಕಿ.) ಅಜ್ಜನ ಕಾಲದಲ್ಲಿ ಅದರೊಳಗೆ ಗಿಳಿ ಇತ್ತೇನೋ, ಈಗ ನಮ್ಮ ನಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಪಂಜರಕ್ಕೆ ತುಕ್ಕು ಹಿಡಿದಿದೆ. ಅಪ್ಪ ಸ್ಯಾಂಡ್ ಪೇಪರ್ ತರುತ್ತಾರೆ, ಮೂಲೆಯಲ್ಲಿ ಉಳಿದಿದ್ದ ಬಣ್ಣದ ಡಬ್ಬಿ ಹುಡುಕುತ್ತಾರೆ. ಅಪಾಯ ಶುರುವಾಗುವುದು ಇಲ್ಲಿಯೇ.

ತುಕ್ಕು ತಾನಾಗಿ ಅಂಥ ವಿಷವೇನಲ್ಲ. ಚಿಂತಿಸಬೇಕಾದದ್ದು ತುಕ್ಕು ತಡೆಯಲೆಂದು ಹಾಕಿದ ಲೇಪನಗಳ ಬಗ್ಗೆ. ಕಬ್ಬಿಣದ ತಂತಿಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಅದೇ ಜಿ.ಐ. ತಂತಿ. ತೇವ ತಗುಲಿದಾಗ ಕಬ್ಬಿಣಕ್ಕಿಂತ ಮೊದಲು ಸತುವೇ ಸವೆದು, ಬಿಳಿಯ ಪುಡಿಯಾಗಿ ಮೇಲೆ ಕೂರುತ್ತದೆ. ಬಕೆಟ್ಟಿಗಾದರೆ ಇದು ಉಪಕಾರ. ಆದರೆ ಬಜರಿಗಾರ್ ಕೊಕ್ಕನ್ನೇ ಮೂರನೆಯ ಕಾಲಿನಂತೆ ಬಳಸಿ ತಂತಿ ಹತ್ತುವ ಹಕ್ಕಿ. ಬೇಸರವಾದಾಗ ತಂತಿಯನ್ನೇ ಕಚ್ಚುತ್ತದೆ. ಒಳಹೋದ ಚೂರನ್ನು ಅದರ ಹೊಟ್ಟೆಯಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕರಗಿಸುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಸತುವಿನ ಚೂರಿಗೆ ಇದೇ ಆಮ್ಲ ಹಾಕಿ ಜಲಜನಕ ತಯಾರಿಸಿದ ವಿದ್ಯಾರ್ಥಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಹಿಡಿ ಅಕ್ಕಿಯಷ್ಟೂ ತೂಗದ ಹಕ್ಕಿಗೆ ಎಳ್ಳಿನಷ್ಟು ಸತುವೂ ಭಾರವೇ. ಅದು ಮಂಕಾಗುತ್ತದೆ, ಕಾಳು ಬಿಡುತ್ತದೆ, ನೀರು ಹೆಚ್ಚು ಕುಡಿಯುತ್ತದೆ, ಹಿಕ್ಕೆ ನೀರಾಗುತ್ತದೆ. 'ಗಾಳಿ ಸೋಕಿತು' ಎಂದು ಮನೆಯವರು ಸುಮ್ಮನಾಗದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹಳೆಯ ಬಣ್ಣದ ಸಂಗತಿ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ಮಕ್ಕಳೂ ಸಿಕ್ಕಿಕೊಳ್ಳುತ್ತಾರೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಧಾರಾಳವಾಗಿ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿದರೆ ಎದ್ದ ಧೂಳು ಜಗಲಿಯಲ್ಲಿ ಕೂತು, ಅಲ್ಲಿಂದ ಅಂಬೆಗಾಲಿಡುವ ಮಗುವಿನ ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಮಕ್ಕಳ ಕೈಗೆ ಸ್ಯಾಂಡ್ ಪೇಪರ್ ಕೊಟ್ಟು ರಜೆಯ ಕೆಲಸ ಹಚ್ಚುವ ಹಿರಿಯರು ಇದನ್ನು ಯೋಚಿಸಬೇಕು. ಹಳೆಯ ಪಂಜರಗಳ ಬೆಸುಗೆಯಲ್ಲೂ ಸೀಸ ಇರುವುದುಂಟು.

ಹಾಗಾದರೆ ದಾರಿ? ಬಣ್ಣವಿಲ್ಲದ, ಸತುವಿನ ಲೇಪನ ಗಟ್ಟಿಯಾಗಿರುವ ಪಂಜರವಾದರೆ ವಿನೆಗರ್ ಹಚ್ಚಿ ಬ್ರಶ್ಶಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಬಹುದು. ಅಸಿಟಿಕ್ ಆಮ್ಲಕ್ಕೆ ಬಿಳಿ ಪುಡಿ ಕರಗಿ ಹೋಗುತ್ತದೆ. ಆದರೆ ತೇವವಾದಂತೆ ಹೊಸ ಪುಡಿ ಹುಟ್ಟುತ್ತಲೇ ಇರುತ್ತದೆ, ಈ ಕೆಲಸ ಆಗಾಗ ನಡೆಯಬೇಕು. ಬಣ್ಣ ಚಕ್ಕೆ ಏಳುತ್ತಿರುವ ಪಂಜರಕ್ಕೆ ಮತ್ತೆ ಬಣ್ಣ ಬಳಿಯುವುದರಲ್ಲಿ ಅರ್ಥವಿಲ್ಲ. ಕೊಕ್ಕು ಮೊದಲು ಕೀಳುವುದೇ ಆ ಹೊಸ ಪದರವನ್ನು. ಬಣ್ಣದ ಹಬೆಯೂ ಹಕ್ಕಿಯ ಶ್ವಾಸಕೋಶಕ್ಕೆ ತಡೆಯದು. ವಿಷಗಾಳಿಯನ್ನು ಮೊದಲೇ ತಿಳಿಯಲು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕೆನರಿ ಹಕ್ಕಿಗಳನ್ನು ಇಟ್ಟಿದ್ದರು.

ಕೈಯಲ್ಲಿ ಹಣವಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದೇ ಒಳ್ಳೆಯದು. ಅದರಲ್ಲಿನ ಕ್ರೋಮಿಯಂ ಗಾಳಿಯೊಡನೆ ಕೂಡಿ ತನ್ನ ಮೇಲೆ ತಾನೇ ತೆಳು ಪದರ ಹೊದ್ದುಕೊಳ್ಳುತ್ತದೆ, ಗೀರಿದರೂ ಮತ್ತೆ ಕಟ್ಟುತ್ತದೆ. ಬಜರಿಗಾರ್‌ಗೆ ತಂತಿಗಳ ನಡುವಿನ ಅಂತರ ಅರ್ಧ ಅಂಗುಲ ಮೀರದಿರಲಿ, ತಲೆ ಸಿಕ್ಕಿಕೊಂಡೀತು. ಬಣ್ಣ ಉದುರುವ ಹಳೆಯದನ್ನು ಮನಿಪ್ಲಾಂಟಿಗೆಂದು ಜಗಲಿಯಲ್ಲಿ ತೂಗುಹಾಕುವುದೂ ಬೇಡ. ಚಕ್ಕೆ ಉದುರುವುದು ಮಕ್ಕಳು ಆಡುವ ನೆಲದ ಮೇಲೆಯೇ.