ಆನೆಯ ಭಯದ ಅಧ್ಯಯನ: ಆಕರ ನಮೂದಿಸುವುದು ಹೇಗೆ?

ಸಕಲೇಶಪುರ: ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳಲ್ಲಿ ಕಾಡಾನೆ ತುಳಿದ ಬೆಳೆಗೆ ಲೆಕ್ಕವಿದೆ, ಪರಿಹಾರವೂ ಇದೆ. ಆದರೆ ಬೆಳಗಿನ ಮಂಜಿನಲ್ಲಿ ಕಾಫಿ ತೋಟಕ್ಕೆ ಹೊರಡುವ ಕಾರ್ಮಿಕರ ಭಯವನ್ನು ಅಳೆಯುವುದು ಸುಲಭವಲ್ಲ. ಈ ಭಯವನ್ನೇ ವಿಷಯವಾಗಿ ಆರಿಸಿಕೊಳ್ಳುವ ಮನಃಶಾಸ್ತ್ರ ವಿದ್ಯಾರ್ಥಿಯು ಎಚ್ಚರ ವಹಿಸಬೇಕಾದ ಮೊದಲ ಸಂಗತಿಯೆಂದರೆ ಆಕರಗಳ ಉಲ್ಲೇಖ.

ಮನಃಶಾಸ್ತ್ರದ ಪ್ರಬಂಧಗಳು ಸಾಮಾನ್ಯವಾಗಿ ಅನುಸರಿಸುವುದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ (ಎಪಿಎ) ರೂಪಿಸಿದ ಶೈಲಿಯನ್ನು. 1929ರಲ್ಲಿ 'ಸೈಕಲಾಜಿಕಲ್ ಬುಲೆಟಿನ್' ಪತ್ರಿಕೆಯ ಕೆಲವೇ ಪುಟಗಳಲ್ಲಿ ಆರಂಭವಾದ ಈ ನಿಯಮಾವಳಿಯ 7ನೇ ಆವೃತ್ತಿ 2019ರಲ್ಲಿ ಹೊರಬಂದಿತು.

ಒಂದು ಉದಾಹರಣೆಯನ್ನು ನೋಡೋಣ. ಮಾನವ-ಆನೆ ಸಂಘರ್ಷವು ಜನರ ಮನಸ್ಸಿನ ಮೇಲೆ ಬೀರುವ ಪರಿಣಾಮ ಕುರಿತು ಸುಶ್ರುತ್ ಜಾಧವ್ ಮತ್ತು ಮಾನ್ ಬರುವಾ ಬರೆದ ಲೇಖನ 2012ರಲ್ಲಿ 'ಹೆಲ್ತ್ ಅಂಡ್ ಪ್ಲೇಸ್' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಪ್ರಬಂಧದ ಒಡಲಲ್ಲಿ ಇದನ್ನು (ಜಾಧವ್ & ಬರುವಾ, 2012) ಎಂದಷ್ಟೇ ಸೂಚಿಸಬೇಕು. ಕೊನೆಯ ಆಕರಪಟ್ಟಿಯಲ್ಲಿ ಕುಲನಾಮ, ಇನಿಷಿಯಲ್, ಆವರಣದಲ್ಲಿ ವರ್ಷ, ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ 18, ಸಂಚಿಕೆ 6, ಪುಟ 1356-1365, ಬಳಿಕ ಡಿಒಐ ಕೊಂಡಿ ಇದೇ ಕ್ರಮದಲ್ಲಿರಬೇಕು. ಪತ್ರಿಕೆಯ ಹೆಸರು ಮತ್ತು ಸಂಪುಟ ಸಂಖ್ಯೆ ಮಾತ್ರ ಓರೆ ಅಕ್ಷರದಲ್ಲಿರುತ್ತವೆ. ಲೇಖಕರು ಮೂವರು ಅಥವಾ ಹೆಚ್ಚಿದ್ದರೆ ಒಡಲಲ್ಲಿ ಮೊದಲ ಹೆಸರಿನೊಂದಿಗೆ 'ಮತ್ತಿತರರು' ಎಂಬರ್ಥದ ಸಂಕ್ಷೇಪ ಸಾಕು. ಸಂಸ್ಥೆ ಅಥವಾ ಸಮಿತಿಯ ವರದಿಯಾದರೆ ಅದರ ಹೆಸರೇ ಲೇಖಕಸ್ಥಾನದಲ್ಲಿ ನಿಲ್ಲುತ್ತದೆ. ಹೈಕೋರ್ಟ್‌ಗೆ 2012ರಲ್ಲಿ ಸಲ್ಲಿಕೆಯಾದ ಕರ್ನಾಟಕ ಆನೆ ಕಾರ್ಯಪಡೆಯ ವರದಿ ಇದಕ್ಕೆ ನಿದರ್ಶನ.

ಆದರೆ ಅಲ್ಪವಿರಾಮ, ಆವರಣಗಳು ಸರಿಯಿದ್ದ ಮಾತ್ರಕ್ಕೆ ಉಲ್ಲೇಖ ಸರಿಯಾಗದು. ಜಾಧವ್-ಬರುವಾ ಅಧ್ಯಯನ ನಡೆದದ್ದು ಅಸ್ಸಾಮಿನಲ್ಲಿ. ಅದನ್ನು ಆಧಾರವಾಗಿಟ್ಟು 'ಆಲೂರಿನ ರೈತರ ಸ್ಥಿತಿ ಹೀಗಿದೆ' ಎಂದು ಬರೆದರೆ ರೂಪ ನಿರ್ದೋಷವಾಗಿದ್ದರೂ ಹೇಳಿಕೆ ಸುಳ್ಳಾಗುತ್ತದೆ. ಮೂಲ ಲೇಖನವನ್ನು ಓದದೆ ಬೇರೊಬ್ಬರ ಪ್ರಬಂಧದಿಂದ ಎತ್ತಿಕೊಂಡಿದ್ದರೆ ಅದನ್ನೂ ಒಪ್ಪಿ, 'ಇಂಥವರು ಉಲ್ಲೇಖಿಸಿದಂತೆ' ಎಂದು ನಮೂದಿಸುವುದು ನಿಯಮ.

ಕನ್ನಡಿಗರ ಹೆಸರುಗಳು ಮತ್ತೊಂದು ತೊಡಕು. ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದು, 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಅವರಿಗೆ ಕುಲನಾಮವನ್ನು ಹುಡುಕುವ ಅಗತ್ಯವಿಲ್ಲ, 'ಗೋಪಾಲಸ್ವಾಮಿ, ಎಂ. ವಿ.' ಎಂದರೆ ಸಾಕು. ಇಂಗ್ಲಿಷ್ ಪ್ರಬಂಧದಲ್ಲಿ ಕನ್ನಡ ಲೇಖನವನ್ನು ಬಳಸಿದರೆ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಚೌಕಾವರಣದಲ್ಲಿ ಅನುವಾದ ನೀಡಬೇಕು. ದಿನಪತ್ರಿಕೆಯ ವರದಿಯಾದರೆ ವರ್ಷದೊಂದಿಗೆ ತಿಂಗಳು, ದಿನಾಂಕವೂ ಇರಬೇಕು.

ಸಂದರ್ಶನಕ್ಕೆ ಸಿಕ್ಕ ಬೆಳೆಗಾರರು, ಕಾರ್ಮಿಕರ ಮಾತುಗಳು ಆಕರಪಟ್ಟಿಗೆ ಸೇರುವುದಿಲ್ಲ. ಅವು ಅಧ್ಯಯನದಲ್ಲಿ ಭಾಗವಹಿಸಿದವರ ಮಾತುಗಳೆಂದು ಒಡಲಲ್ಲೇ ತಿಳಿಸಬೇಕು. ಹೆಸರು ಮರೆಮಾಚಿದರೂ ಊರು, ತೋಟದ ವಿವರದಿಂದಲೇ ವ್ಯಕ್ತಿಯ ಗುರುತು ಸಿಗುವ ಸಣ್ಣ ಹಳ್ಳಿಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಸೂಚಿಸಿದ ಉದ್ಧರಣೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದಂಡನೆಯ ಭಯಕ್ಕಿಂತ ಮಿಗಿಲಾದ ಕಾರಣವೂ ಇದೆ. ಈ ಬೆಟ್ಟಸಾಲಿನ ಜನರ ಸಂಕಟ ಮುಂದೊಂದು ದಿನ ಸರ್ಕಾರದ ಕಡತಕ್ಕೆ ಪುರಾವೆಯಾಗಬೇಕಾದರೆ, ಅದು ಯಾರು, ಎಲ್ಲಿ, ಯಾವಾಗ ಕಂಡ ಸತ್ಯ ಎಂಬುದನ್ನು ಓದುಗನು ಮೂಲಕ್ಕೆ ಹೋಗಿ ಪರೀಕ್ಷಿಸುವಂತಿರಬೇಕು.